ಮಳೆಗಾಲಕ್ಕೆ ಯಾವ ನಿಯೋ ನುವಾರ್? ಕಾದಂಬರಿಯಿಂದ ತೆರೆಗೆ ಬಂದ ಕ್ರೈಂ ಸಿನೆಮಾಗಳಲ್ಲಿ ಆರಿಸಿಕೊಳ್ಳುವ ಬಗೆ

ಮೇ ತಿಂಗಳ ಕೊನೆಗೆ ಪತ್ತನಾಜೆ ಕಳೆಯಿತೆಂದರೆ ನಮ್ಮ ಕರಾವಳಿಯ ರಾತ್ರಿಗಳು ಖಾಲಿಯಾಗುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮ ನಿಲ್ಲುತ್ತವೆ. ಜೂನ್ ಬಂದರೆ ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟುಗಳು ದಡ ಸೇರುತ್ತವೆ. ಮಳೆ ಹಿಡಿದ ಮೇಲೆ ಊಟ ಮುಗಿಸಿ ಟಿವಿ ಮುಂದೆ ಕೂರುವವರೇ ಜಾಸ್ತಿ. ಆಗ ಗೆಳೆಯರಿಂದ ಒಂದೇ ಥರದ ಪ್ರಶ್ನೆ ಬರುತ್ತಿರುತ್ತದೆ. ‘ಗರುಡ ಗಮನ ವೃಷಭ ವಾಹನ’ ತುಂಬಾ ಹಿಡಿಸಿದೆ, ‘ಉಳಿದವರು ಕಂಡಂತೆ’ ಬಾಯಿಪಾಠ ಆಗಿದೆ, ಇನ್ನು ಏನು ನೋಡುವುದು?

ಅವೆರಡೂ ನಮ್ಮೂರಿನ ನಿಯೋ ನುವಾರ್, ಅಂದರೆ ಕತ್ತಲು ತುಂಬಿದ ಹೊಸ ಕಾಲದ ಕ್ರೈಂ ಸಿನೆಮಾಗಳು. ಒಂದು 2014ರಲ್ಲಿ ಮಲ್ಪೆಯಿಂದ ಬಂತು, ಇನ್ನೊಂದು 2021ರಲ್ಲಿ ಮಂಗಳಾದೇವಿಯಿಂದ. ಪೊಲೀಸರು ಯಾರು, ಅಪರಾಧಿ ಯಾರು ಅನ್ನುವ ಗೆರೆ ಅಳಿಸಿಹೋಗಿರುತ್ತದೆ. ನ್ಯಾಯ ಸಿಗುತ್ತದೆ ಅನ್ನುವ ಭರವಸೆ ಯಾರೂ ಕೊಡುವುದಿಲ್ಲ. ಊರು ಕೂಡ ಒಂದು ಪಾತ್ರ ಆಗಿರುತ್ತದೆ. ಇದೇ ರುಚಿಯ ಹೊರಗಿನ ಸಿನೆಮಾಗಳಲ್ಲಿ ತುಂಬಾ ಒಳ್ಳೆಯವು ಕಾದಂಬರಿಗಳಿಂದ ಬಂದಿವೆ. ಹಾಗಾಗಿ ಆಯ್ಕೆ ಎರಡು ಥರ ಆಗಬೇಕಾಗುತ್ತದೆ: ಯಾವ ಸಿನೆಮಾ, ಮತ್ತೆ ಪುಸ್ತಕ ಮೊದಲಾ ಸಿನೆಮಾ ಮೊದಲಾ.

ಇಂಥ ಸಿನೆಮಾಗಳನ್ನು ತೂಗುವಾಗ ನಾನು ಒಂದೇ ಒಂದು ವಿಷಯ ನೋಡುತ್ತೇನೆ. ಕಾದಂಬರಿಯಿಂದ ಏನನ್ನು ಬಿಟ್ಟರು? ಏನು ಇಟ್ಟುಕೊಂಡರು ಅನ್ನುವುದು ಎಲ್ಲರಿಗೂ ಕಾಣುತ್ತದೆ. ನಿರ್ದೇಶಕನ ತಲೆ ಹೇಗೆ ಓಡಿದೆ ಅನ್ನುವುದು ಗೊತ್ತಾಗುವುದು ಬಿಟ್ಟದ್ದರಲ್ಲೇ. ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಗೆ ಕೂತವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪ್ರಸಂಗದ ಪದ್ಯ ಅದೇ ಇರುತ್ತದೆ, ವಾಲಿಯ ಕತೆ ಮಕ್ಕಳಿಗೂ ಗೊತ್ತಿರುತ್ತದೆ. ಆದರೂ ಪದ್ಯಕ್ಕೆ ಅರ್ಥ ಹೇಳುವ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ಬೆಳಗಿನವರೆಗೆ ಕೂರುತ್ತಿದ್ದರು. ಯಾವ ಪದ್ಯಕ್ಕೆ ನಿಲ್ಲುತ್ತಾರೆ, ಯಾವುದನ್ನು ಎರಡು ಮಾತಲ್ಲಿ ದಾಟಿಸುತ್ತಾರೆ ಅನ್ನುವುದರಲ್ಲೇ ಅರ್ಥಧಾರಿಯ ವಾಲಿ ಹುಟ್ಟುತ್ತಾನೆ. ಕಾದಂಬರಿ ಹಿಡಿದು ಸಿನೆಮಾ ಮಾಡುವವರ ಕೆಲಸವೂ ಹೀಗೇ.

ಮೊದಲ ಆಯ್ಕೆ: ಎಲ್.ಎ. ಕಾನ್ಫಿಡೆನ್ಶಿಯಲ್

ಒಂದೇ ಸಿನೆಮಾ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. 1997ರ ಸಿನೆಮಾ, ನಿರ್ದೇಶಕ ಕರ್ಟಿಸ್ ಹ್ಯಾನ್ಸನ್. ಜೇಮ್ಸ್ ಎಲ್‌ರಾಯ್ 1990ರಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರ. ಹ್ಯಾನ್ಸನ್ ಮತ್ತು ಬ್ರಯಾನ್ ಹೆಲ್ಗಲ್ಯಾಂಡ್ ಸೇರಿ ಚಿತ್ರಕತೆ ಮಾಡಿದರು. ಆ ವರ್ಷ ಆಸ್ಕರ್‌ನಲ್ಲಿ ‘ಟೈಟಾನಿಕ್’ 11 ಪ್ರಶಸ್ತಿ ಬಾಚಿಕೊಂಡಿತು. 9 ನಾಮನಿರ್ದೇಶನ ಇದ್ದ ಈ ಸಿನೆಮಾಕ್ಕೆ ಉಳಿದದ್ದು ಎರಡು. ಒಂದು ಕಿಮ್ ಬೇಸಿಂಗರ್‌ಗೆ ಪೋಷಕ ನಟಿ ಪ್ರಶಸ್ತಿ, ಇನ್ನೊಂದು ಕಾದಂಬರಿಯನ್ನು ಚಿತ್ರಕತೆ ಮಾಡಿದ್ದಕ್ಕೆ. ಆ ಎರಡನೆಯದು ನ್ಯಾಯವಾಗಿ ಸಿಕ್ಕಿದ್ದು.

ಕತೆ 1950ರ ದಶಕದ ಲಾಸ್ ಏಂಜಲಿಸ್‌ನದ್ದು. ಮೂವರು ಪೊಲೀಸರು. ಎಡ್ ಎಕ್ಸ್‌ಲಿ ಕನ್ನಡಕ ಹಾಕಿದ, ನಿಯಮ ತಪ್ಪದ, ಮೇಲೆ ಹೋಗಲೇಬೇಕು ಅನ್ನುವ ಹುಡುಗ. ಬಡ್ ವೈಟ್ ಕೈ ಮುಂದು, ಮಾತು ಹಿಂದು. ಹೆಂಗಸರ ಮೇಲೆ ಕೈ ಮಾಡುವವರನ್ನು ಕಂಡರೆ ಅವನು ನಿಲ್ಲುವವನಲ್ಲ. ಜ್ಯಾಕ್ ವಿನ್ಸೆನ್ಸ್ ಟಿವಿ ಸೀರಿಯಲ್ಲಿಗೆ ಸಲಹೆಗಾರ, ಗಾಸಿಪ್ ಪತ್ರಿಕೆಗೆ ಸುದ್ದಿ ಮಾರುವವ. ನೈಟ್ ಔಲ್ ಅನ್ನುವ ಕಾಫಿ ಅಂಗಡಿಯಲ್ಲಿ ಒಂದು ರಾತ್ರಿ ಸಾಮೂಹಿಕ ಕೊಲೆ ಆಗುತ್ತದೆ. ಮೂವರೂ ಬೇರೆ ಬೇರೆ ದಾರಿಯಲ್ಲಿ ಅದೇ ಕೊಲೆಯ ಹತ್ತಿರ ಬರುತ್ತಾರೆ.

ಸಿನೆಮಾ ಶುರುವಾಗುವುದೇ ಆ ಊರಿನ ಜಾಹೀರಾತಿನ ಹಾಗೆ. ಬಿಸಿಲು, ಕಡಲ ತೀರ, ಕಿತ್ತಳೆ ತೋಟ, ಬನ್ನಿ ಬನ್ನಿ ಅಂತ ಗಾಸಿಪ್ ಪತ್ರಿಕೆಯವನ ದನಿ ಕರೆಯುತ್ತದೆ. ಹಿಂದೆಯೇ ಕೊಳಕು ಬಿಚ್ಚಿಕೊಳ್ಳುತ್ತದೆ. ಬೀಚು, ದೇವಸ್ಥಾನ, ಕಾಲೇಜು ಅಂತ ನಮ್ಮ ಊರುಗಳನ್ನೂ ಹೀಗೇ ತೋರಿಸುತ್ತಾರೆ, ಅಲ್ವಾ? ಆ ಪೋಸ್ಟರಿನ ಹಿಂದೆ ಇರುವ ಗಲ್ಲಿಗಳನ್ನು ‘ಗರುಡ ಗಮನ’ದಲ್ಲಿ ಮೊದಲ ಸಲ ತೆರೆಯ ಮೇಲೆ ಕಂಡವರಿಗೆ ಲಾಸ್ ಏಂಜಲಿಸ್ ದೂರದ ಊರು ಅನಿಸುವುದಿಲ್ಲ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ. ಎಕ್ಸ್‌ಲಿ ಮೂವರು ಶಂಕಿತರನ್ನು ವಿಚಾರಿಸುತ್ತಾನೆ. ಮೂವರೂ ಬೇರೆ ಬೇರೆ ಕೋಣೆಯಲ್ಲಿ. ಅವನ ಕೈ ಮೇಜಿನ ಹತ್ತಿರದ ಒಂದು ಸ್ವಿಚ್ಚಿಗೆ ಹೋಗುತ್ತದೆ. ಒಬ್ಬ ಹೇಳುವ ಮಾತು ಪಕ್ಕದ ಕೋಣೆಯವನಿಗೆ ಸ್ಪೀಕರಿನಲ್ಲಿ ಕೇಳುತ್ತದೆ. ಎಷ್ಟು ಬೇಕೋ ಅಷ್ಟೇ ಕೇಳಿಸುತ್ತಾನೆ, ಆಮೇಲೆ ಬಂದ್ ಮಾಡುತ್ತಾನೆ. ಹೊಡೆತ ಇಲ್ಲ, ಕೂಗಾಟ ಇಲ್ಲ. ಮೂವರ ನಡುವಿನ ನಂಬಿಕೆ ಕಣ್ಣೆದುರೇ ಮುರಿಯುತ್ತದೆ. ಅದೇ ಹೊತ್ತಿಗೆ ಗಾಜಿನ ಆಚೆ ನಿಂತ ಬಡ್ ವೈಟ್ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿರುತ್ತಾನೆ. ಅವನ ತಾಳ್ಮೆ ಎಲ್ಲಿ ಮುಗಿಯುತ್ತದೆ ಅಂತ ನೀವು ಕಾಯುತ್ತೀರಿ. ಇಬ್ಬರ ಸ್ವಭಾವ ಪೂರ್ತಿ ಆ ಒಂದು ಕೋಣೆಯಲ್ಲಿ ಇದೆ.

ಈಗ ಬಿಟ್ಟದ್ದರ ಮಾತು. ಕಾದಂಬರಿ ಹಲವು ವರ್ಷಗಳ ಕತೆ. ಅದರಲ್ಲಿ ಎಕ್ಸ್‌ಲಿಯ ಅಪ್ಪ ಬದುಕಿದ್ದಾನೆ, ದೊಡ್ಡ ಕಂಟ್ರಾಕ್ಟರ್, ಮಕ್ಕಳ ಮನರಂಜನಾ ಪಾರ್ಕ್ ಕಟ್ಟಿಸುತ್ತಿದ್ದಾನೆ. ಹಳೆಯ ಮಕ್ಕಳ ಕೊಲೆಯ ಒಂದು ಪ್ರಕರಣ ಆ ಎಳೆಗೆ ಸುತ್ತಿಕೊಂಡಿದೆ. ಸಿನೆಮಾ ಇದನ್ನೆಲ್ಲ ಕಿತ್ತು ಹಾಕಿತು. ಕತೆಯನ್ನು ಸ್ವಲ್ಪ ಕಾಲಕ್ಕೆ ಇಳಿಸಿತು. ಅಪ್ಪನನ್ನು ಮೊದಲೇ ಸತ್ತವನನ್ನಾಗಿ ಮಾಡಿತು. ಆ ಜಾಗದಲ್ಲಿ ಇಟ್ಟದ್ದು ಒಂದು ಹೆಸರು ಮಾತ್ರ: ರೋಲೋ ತೊಮಾಸಿ. ಅಪ್ಪನನ್ನು ಕೊಂದು ಸಿಕ್ಕಿಬೀಳದೆ ಹೋದ, ಯಾರೆಂದೇ ಗೊತ್ತಿಲ್ಲದ ಕಳ್ಳನಿಗೆ ಎಕ್ಸ್‌ಲಿ ತಾನೇ ಇಟ್ಟುಕೊಂಡ ಹೆಸರು ಅದು. ಈ ಹೆಸರು ಕಾದಂಬರಿಯಲ್ಲಿ ಎಲ್ಲೂ ಇಲ್ಲ. ಸಿನೆಮಾ ನೋಡಿದವರಿಗೆ ಮಾತ್ರ ಗೊತ್ತು, ಆ ಹೆಸರು ಏನು ಕೆಲಸ ಮಾಡುತ್ತದೆ ಅಂತ. ನಾನು ಮುಂದೆ ಹೇಳುವುದಿಲ್ಲ. ಪುಟಗಟ್ಟಲೆ ಕತೆ ತೆಗೆದು ಒಂದು ಹೆಸರಿನಿಂದ ಆ ಜಾಗ ತುಂಬುವುದು ಎಂಥ ಧೈರ್ಯ ಅಂತ ಕಾದಂಬರಿ ಓದಿದ ಮೇಲೆ ಅರಿವಾಗುತ್ತದೆ.

ಹಾಗಾಗಿ ಇಲ್ಲಿ ಸಿನೆಮಾ ಮೊದಲು, ಪುಸ್ತಕ ಆಮೇಲೆ. ಪುಸ್ತಕದ ಇಂಗ್ಲಿಷ್ ಸುಲಭ ಅಲ್ಲ. ತಂತಿ ಸಂದೇಶದಷ್ಟು ತುಂಡು ತುಂಡು ವಾಕ್ಯಗಳು. ನೂರಕ್ಕೂ ಹೆಚ್ಚು ಪುಟ ಕಡಿಮೆ ಮಾಡಿ ಅಂತ ಸಂಪಾದಕರು ಕೇಳಿದಾಗ ಎಲ್‌ರಾಯ್ ಕತೆಯ ಯಾವ ಎಳೆಯನ್ನೂ ತೆಗೆಯಲಿಲ್ಲ. ಪ್ರತಿ ವಾಕ್ಯದಿಂದ ಬೇಡದ ಪದಗಳನ್ನು ಕಿತ್ತರು. ಆ ಶೈಲಿ ಹುಟ್ಟಿದ್ದೇ ಹಾಗೆ. ಸಿನೆಮಾದವರು ಎಳೆ ಬಿಟ್ಟರು, ಲೇಖಕ ಪದ ಬಿಟ್ಟರು. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವವರಿಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಕಂಡಿಲ್ಲ. ಇನ್ನೂ ಒಂದು ವಿಷಯ: ಎಲ್‌ರಾಯ್ ಹತ್ತು ವರ್ಷದ ಹುಡುಗನಾಗಿದ್ದಾಗ, 1958ರಲ್ಲಿ, ಅವರ ತಾಯಿಯ ಕೊಲೆ ಆಯಿತು. ಕೊಲೆಗಾರ ಸಿಗಲೇ ಇಲ್ಲ. ಬಡ್ ವೈಟ್‌ನ ಸಿಟ್ಟಿನ ಬಗ್ಗೆ ಓದುವಾಗ ಇದು ನೆನಪಿರಲಿ.

‘ಉಳಿದವರು ಕಂಡಂತೆ’ ಇಷ್ಟಪಟ್ಟವರು ಇಲ್ಲಿಂದಲೇ ಶುರು ಮಾಡಿ. ಒಂದೇ ಘಟನೆಯ ಸುತ್ತ ಬೇರೆ ಬೇರೆಯವರ ಕಣ್ಣು ಅನ್ನುವ ಹದ ಇಲ್ಲೂ ಇದೆ. ರಕ್ಷಿತ್ ಶೆಟ್ಟಿ ಅದನ್ನು ಅಧ್ಯಾಯ ಮಾಡಿ ಕತ್ತರಿಸಿ ತೋರಿಸಿದರು. ಹ್ಯಾನ್ಸನ್ ಮೂರು ಕಣ್ಣುಗಳನ್ನೂ ಒಂದೇ ಓಟದಲ್ಲಿ ಹೆಣೆಯುತ್ತಾರೆ. ಎರಡು ಗಂಟೆ ಹದಿನೆಂಟು ನಿಮಿಷ, ಎಲ್ಲೂ ಜಗ್ಗುವುದಿಲ್ಲ. ಆದರೆ ಹೆಸರುಗಳು ತುಂಬಾ ಇವೆ. ಮೊದಲ ಅರ್ಧ ಗಂಟೆ ಫೋನ್ ಪಕ್ಕಕ್ಕಿಡಿ. ಸಬ್‌ಟೈಟಲ್ ಹಾಕಿಕೊಳ್ಳಿ.

ಎರಡನೆಯದು: ನೋ ಕಂಟ್ರಿ ಫಾರ್ ಓಲ್ಡ್ ಮೆನ್

ಕೆಲವರಿಗೆ ಇದೇ ಮೊದಲು ಆಗಬೇಕು. ‘ಗರುಡ ಗಮನ’ದ ಶಿವನನ್ನು ಮರೆಯಲಾಗದವರಿಗೆ. ಕೊಲೆ ಮಾಡಿ ಬಂದು ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕುವ ಆ ಶಿವ ನಮ್ಮನ್ನು ಹೆದರಿಸುವುದು ಯಾಕೆ? ಅವನೊಳಗೆ ಏನು ನಡೆಯುತ್ತಿದೆ ಅಂತ ಗೊತ್ತಾಗುವುದಿಲ್ಲ. ಕೊಯೆನ್ ಸಹೋದರರ ಈ 2007ರ ಸಿನೆಮಾದಲ್ಲಿ ಆಂಟನ್ ಶಿಗರ್ ಅನ್ನುವವನಿದ್ದಾನೆ. ಹಾವಿಯೆರ್ ಬಾರ್ಡೆಮ್ ಮಾಡಿದ ಪಾತ್ರ. ಶಿವನ ಒಳಗೆ ಕೊನೆಗೂ ಒಬ್ಬ ಗೆಳೆಯ ಇದ್ದಾನೆ, ನೋವಿದೆ. ಶಿಗರ್‌ನೊಳಗೆ ಅದೂ ಇಲ್ಲ. ದನ ಕಡಿಯುವಲ್ಲಿ ಬಳಸುವ ಗಾಳಿಯ ಒತ್ತಡದ ಬೋಲ್ಟ್ ಗನ್ ಹಿಡಿದು ತಿರುಗುತ್ತಾನೆ.

ಕಾರ್ಮಾಕ್ ಮೆಕಾರ್ಥಿಯ ಕಾದಂಬರಿ 2005ರದ್ದು. ಮೊದಲು ಚಿತ್ರಕತೆಯಾಗಿ ಬರೆದದ್ದನ್ನು ಅವರು ಕಾದಂಬರಿ ಮಾಡಿದರು. ಅದಕ್ಕೇ ಪುಸ್ತಕ ಓದುವಾಗಲೂ ಸಿನೆಮಾ ನೋಡಿದ ಹಾಗೆ ಇರುತ್ತದೆ. 1980ರ ಟೆಕ್ಸಸ್ ಗಡಿ. ಬೇಟೆಗೆ ಹೋದವನಿಗೆ ಮಾದಕದ್ರವ್ಯ ವ್ಯಾಪಾರದ ಹೆಣಗಳ ನಡುವೆ ದುಡ್ಡಿನ ಪೆಟ್ಟಿಗೆ ಸಿಗುತ್ತದೆ. ಅವನು ಎತ್ತಿಕೊಂಡು ಹೋಗುತ್ತಾನೆ. ಅವನ ಹಿಂದೆ ಶಿಗರ್. ಇಬ್ಬರ ಹಿಂದೆ ವಯಸ್ಸಾದ ಶೆರಿಫ್ ಬೆಲ್. ಕತೆ ಇಷ್ಟೇ. ಶ್ರೇಷ್ಠ ಚಿತ್ರ, ನಿರ್ದೇಶನ, ಚಿತ್ರಕತೆ, ಪೋಷಕ ನಟ ಹೀಗೆ ನಾಲ್ಕು ಆಸ್ಕರ್ ಬಂದವು.

ಪೆಟ್ರೋಲ್ ಬಂಕಿನ ದೃಶ್ಯ ಎಲ್ಲರೂ ಹೇಳುವಂಥದ್ದು. ನಾನೂ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಒಂದು ಸಣ್ಣ ವಸ್ತು ಇದೆ. ಶಿಗರ್ ಗೋಡಂಬಿ ತಿಂದು ಮುಗಿಸುತ್ತಾನೆ. ಖಾಲಿ ಪೊಟ್ಟಣವನ್ನು ಮುದುಡಿ ಕೌಂಟರಿನ ಮೇಲೆ ಇಡುತ್ತಾನೆ. ಕ್ಯಾಮೆರಾ ಆ ಪೊಟ್ಟಣವನ್ನು ನೋಡುತ್ತದೆ. ಅದು ತನ್ನಷ್ಟಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ಚರ ಚರ ಸದ್ದು. ಅಂಗಡಿಯ ಮುದುಕನಿಗೆ ತನ್ನ ಪ್ರಾಣದ ಮೇಲೆ ಪಣ ಹೂಡಿದ್ದಾರೆ ಅಂತ ಆಗ ತಾನೇ ಮಂಕಾಗಿ ಅರಿವಾಗುತ್ತಿದೆ. ಶಿಗರ್ ಒಂದು ನಾಣ್ಯ ಚಿಮ್ಮಿಸುತ್ತಾನೆ. 1958ರ ನಾಣ್ಯ, ಇಪ್ಪತ್ತೆರಡು ವರ್ಷ ತಿರುಗಿ ತಿರುಗಿ ಇಲ್ಲಿಗೆ ಬಂದಿದೆ ಅನ್ನುತ್ತಾನೆ. ಹಿನ್ನೆಲೆ ಸಂಗೀತ ಇಲ್ಲ. ಇಡೀ ಸಿನೆಮಾದಲ್ಲೇ ಸಂಗೀತ ಇಲ್ಲ ಅನ್ನುವಷ್ಟು ಕಡಿಮೆ. ಗಾಳಿ, ಬೂಟು, ಬಾಗಿಲ ಕೆಳಗೆ ಬೀಳುವ ನೆರಳು. ಅಷ್ಟರಲ್ಲೇ ಹೆದರಿಸುತ್ತಾರೆ.

ಇಲ್ಲಿ ಕರಾವಳಿಯವರಿಗೆ ಒಂದು ವಿಶೇಷ ಸೂಚನೆ ಇದೆ. ಶೀಟಿನ ಮಾಡಿನ ಮನೆಯಲ್ಲಿ, ಆಟಿ ತಿಂಗಳ ಮಳೆಯಲ್ಲಿ ಈ ಸಿನೆಮಾ ಹಾಕಬೇಡಿ. ಅರ್ಧ ಸಿನೆಮಾ ಮಳೆಗೆ ಹೋಗುತ್ತದೆ. ಇದರ ಜೀವ ಮೌನದಲ್ಲಿದೆ. ಹೆಡ್‌ಫೋನ್ ಇದ್ದರೆ ಒಬ್ಬರೇ ನೋಡಿ, ಇಲ್ಲವಾದರೆ ಮಳೆ ಬಿಟ್ಟ ರಾತ್ರಿಗೆ ಕಾಯಿರಿ. ‘ಎಲ್.ಎ. ಕಾನ್ಫಿಡೆನ್ಶಿಯಲ್’ಗೆ ಈ ತೊಂದರೆ ಇಲ್ಲ. ಅದರಲ್ಲಿ ಮಾತು ಜಾಸ್ತಿ, ಸಬ್‌ಟೈಟಲ್ ಓದಿಕೊಂಡು ಹೋಗಬಹುದು.

ಇನ್ನು ಕೊನೆಯ ಬಗ್ಗೆ ಎಚ್ಚರಿಕೆ. ಈ ಸಿನೆಮಾ ನಾವು ಕಾಯುವ ಹೊಡೆದಾಟವನ್ನು ತೋರಿಸುವುದಿಲ್ಲ. ದೊಡ್ಡ ಘಟನೆಯೊಂದು ತೆರೆಯ ಆಚೆ ಆಗಿಹೋಗುತ್ತದೆ. ಆಮೇಲೆ ಶೆರಿಫ್ ತಾನು ಕಂಡ ಎರಡು ಕನಸು ಹೇಳುತ್ತಾರೆ, ತೆರೆ ಕಪ್ಪಾಗುತ್ತದೆ. ಮನೆಯಲ್ಲಿ ನಾಲ್ಕು ಜನರ ಜೊತೆ ಕೂತು ನೋಡಿದರೆ ಯಾರಾದರೂ ಒಬ್ಬರು ‘ಮುಗಿಂಡಾ?’ ಅಂತ ಕೇಳಿಯೇ ಕೇಳುತ್ತಾರೆ. ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಕ್ರೈಂ ಸಿನೆಮಾ ಅಂದಮೇಲೆ ಲೆಕ್ಕ ಚುಕ್ತಾ ಆಗಬೇಕು ಅಂತ ನಾವೆಲ್ಲ ಕಲಿತಿದ್ದೇವೆ. ಚುಕ್ತಾ ಆಗದ ಲೆಕ್ಕದ ಎದುರು ಕೈ ಕಟ್ಟಿ ಕೂತ ಮುದುಕನ ಕತೆ ಇದು. ಅದು ಗೊತ್ತಿದ್ದು ಕೂತರೆ ಆ ಕೊನೆ ತುಂಬಾ ಆಳಕ್ಕೆ ಇಳಿಯುತ್ತದೆ.

ಬಿಟ್ಟದ್ದು ಏನು? ಪುಸ್ತಕದ ಪ್ರತಿ ಭಾಗದ ಮೊದಲು ಬೆಲ್‌ನ ಸ್ವಗತ ಬರುತ್ತದೆ. ಸಿನೆಮಾದಲ್ಲಿ ಅದು ಶುರುವಿನ ಮಾತಿಗೆ ಮತ್ತು ಕೊನೆಗೆ ಇಳಿದಿದೆ. ಬೆಲ್ ಮಹಾಯುದ್ಧದಿಂದ ಹೊತ್ತು ತಂದ ಒಂದು ನಾಚಿಕೆ ಪುಸ್ತಕದಲ್ಲಿದೆ. ಜನ ಅವನನ್ನು ವೀರ ಅಂದುಕೊಂಡಿದ್ದಾರೆ, ಅವನಿಗೆ ಮಾತ್ರ ನಿಜ ಗೊತ್ತು. ಸಿನೆಮಾ ಇದನ್ನು ಪೂರ್ತಿ ಬಿಟ್ಟಿತು. ನನಗೆ ಇದು ನಷ್ಟ ಅನಿಸುತ್ತದೆ. ಬೆಲ್ ಯಾಕೆ ಅಷ್ಟು ದಣಿದಿದ್ದಾನೆ ಅನ್ನುವುದಕ್ಕೆ ಪುಸ್ತಕದಲ್ಲಿ ಉತ್ತರ ಇದೆ, ಸಿನೆಮಾದಲ್ಲಿ ಟಾಮಿ ಲೀ ಜೋನ್ಸ್ ಮುಖ ಮಾತ್ರ ಇದೆ. ಆ ಮುಖ ಸಾಕು ಅನ್ನುವವರೂ ಇದ್ದಾರೆ. ನಾಣ್ಯ ಇನ್ನೊಮ್ಮೆ ಬರುವ ಜಾಗದಲ್ಲಿ ಪುಸ್ತಕಕ್ಕೂ ಸಿನೆಮಾಕ್ಕೂ ಒಂದು ಸಣ್ಣ ವ್ಯತ್ಯಾಸ ಇದೆ. ಅಲ್ಲಿ ಸಿನೆಮಾ ಗೆದ್ದಿದೆ. ಎರಡನ್ನೂ ಮುಗಿಸಿದವರು ಅಲ್ಲಿ ನಾಣ್ಯದ ಎದುರು ಕೂತ ಹೆಂಗಸಿನ ಉತ್ತರವನ್ನು ಹೋಲಿಸಿ ನೋಡಿ.

ಸಿನೆಮಾ ಮೊದಲು, ಪುಸ್ತಕ ಬೆನ್ನಿಗೇ. ಪುಸ್ತಕ ದಪ್ಪ ಇಲ್ಲ. ಮಾತುಗಳಿಗೆ ಉದ್ಧರಣ ಚಿಹ್ನೆ ಹಾಕುವುದಿಲ್ಲ ಅನ್ನುವುದೊಂದು ಕಿರಿಕಿರಿ. ಹತ್ತಿಪ್ಪತ್ತು ಪುಟದಲ್ಲಿ ಅಭ್ಯಾಸ ಆಗುತ್ತದೆ.

ಮನೆಯವರೆಲ್ಲ ಕೂತು ನೋಡಬೇಕೆಂದರೆ

ಮೇಲಿನ ಎರಡೂ ಮಕ್ಕಳ ಎದುರು ಹಾಕುವಂಥವಲ್ಲ. ಹಿಂಸೆ ಇದೆ, ಬೈಗುಳ ಇದೆ. ಅಪ್ಪ ಅಮ್ಮನ ಜೊತೆ, ಭಾಷೆಯ ತೊಡಕಿಲ್ಲದೆ ನೋಡಬೇಕು ಅನ್ನುವವರಿಗೆ ಹಿಂದಿಯ ‘ಜಾನೇ ಜಾನ್’ ಇದೆ. 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು, ನಿರ್ದೇಶಕ ಸುಜಯ್ ಘೋಷ್. ಜಪಾನಿನ ಕೀಗೋ ಹಿಗಾಶಿನೋ 2005ರಲ್ಲಿ ಬರೆದ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಇದರ ಮೂಲ. ಆ ಕಾದಂಬರಿಗೆ ಜಪಾನಿನ ದೊಡ್ಡ ಗೌರವವಾದ ನವೋಕಿ ಪ್ರಶಸ್ತಿ ಸಿಕ್ಕಿದೆ. ಜಪಾನಿನಲ್ಲಿ 2008ರಲ್ಲಿ, ಕೊರಿಯಾದಲ್ಲಿ 2012ರಲ್ಲಿ ಸಿನೆಮಾ ಆಗಿದೆ.

ಕೊಲೆ ಯಾರು ಮಾಡಿದ್ದು ಅಂತ ಶುರುವಲ್ಲೇ ಗೊತ್ತಾಗುತ್ತದೆ. ಮಗಳನ್ನು ಸಾಕುತ್ತಿರುವ ಹೆಂಗಸು, ಪಕ್ಕದ ಮನೆಯ ಗಣಿತ ಮೇಷ್ಟ್ರು. ಮೇಷ್ಟ್ರು ಅವಳನ್ನು ಉಳಿಸಲು ನಿಲ್ಲುತ್ತಾರೆ. ಹೇಗೆ ಮುಚ್ಚಿಟ್ಟರು ಅನ್ನುವುದೇ ಒಗಟು. ರವಿಚಂದ್ರನ್ ಅವರ ‘ದೃಶ್ಯ’ ನೋಡಿ ಉಸಿರು ಬಿಗಿಹಿಡಿದವರಿಗೆ ಈ ಹದ ಗೊತ್ತು.

ಆದರೆ ಇಲ್ಲಿ ನನ್ನ ಮಾತು ಸ್ಪಷ್ಟ: ಪುಸ್ತಕ ಮೊದಲು. ಪುಸ್ತಕದಲ್ಲಿ ಪೊಲೀಸ್ ಒಬ್ಬ, ಮೇಷ್ಟ್ರ ಹಳೆಯ ಗೆಳೆಯನಾದ ಭೌತವಿಜ್ಞಾನಿ ಇನ್ನೊಬ್ಬ. ಹಿಂದಿಯಲ್ಲಿ ಇಬ್ಬರನ್ನೂ ಸೇರಿಸಿ ವಿಜಯ್ ವರ್ಮಾ ಮಾಡಿದ ಒಂದೇ ಪಾತ್ರ ಮಾಡಿದ್ದಾರೆ. ಕತೆ ಚುರುಕಾಯಿತು, ನಿಜ. ಆದರೆ ಇಬ್ಬರು ಬುದ್ಧಿವಂತ ಗೆಳೆಯರು ಎದುರುಬದುರು ಕೂತು, ಮನಸ್ಸಿಲ್ಲದೆಯೇ ಒಬ್ಬರನ್ನೊಬ್ಬರು ಸೋಲಿಸುವ ಆ ದುಃಖ ತೆಳುವಾಯಿತು. ಜೈದೀಪ್ ಅಹ್ಲಾವತ್ ಅಭಿನಯ ಮಾತ್ರ ತಪ್ಪಿಸಿಕೊಳ್ಳಬೇಡಿ. ಭುಜ ಬಾಗಿಸಿ, ಕಣ್ಣು ಎತ್ತದೆ ನಡೆಯುವ ಆ ಮೇಷ್ಟ್ರು ನಮ್ಮ ಯಾವುದೋ ಹೈಸ್ಕೂಲಿನಲ್ಲಿ ಇದ್ದವರೇ ಅನಿಸುತ್ತದೆ. ಪುಸ್ತಕದ ಇಂಗ್ಲಿಷ್ ಅನುವಾದ ಸರಳವಾಗಿದೆ. ಪಿಯುಸಿ ಓದುವವರೂ ಓದಿ ಮುಗಿಸಬಹುದು. ಇಂಗ್ಲಿಷ್ ಕಾದಂಬರಿಯ ಅಭ್ಯಾಸ ಇಲ್ಲದ ಮಕ್ಕಳಿಗೆ ಮೊದಲ ಪುಸ್ತಕವಾಗಿ ಕೊಡಲು ಇದು ತುಂಬಾ ಒಳ್ಳೆಯದು.

ಬೇಗ ಬೇಗ ಇನ್ನು ಕೆಲವು

‘ಡ್ರೈವ್’, 2011. ಜೇಮ್ಸ್ ಸ್ಯಾಲಿಸ್ ಅವರ ಪುಟ್ಟ ಕಾದಂಬರಿಯಿಂದ ಬಂದದ್ದು. ನಿಕೊಲಸ್ ವೈಂಡಿಂಗ್ ರೆಫ್ನ್‌ಗೆ ಕಾನ್ ಉತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂತು. ಪುಸ್ತಕ ಕಾಲದಲ್ಲಿ ಹಿಂದೆ ಮುಂದೆ ಜಿಗಿಯುತ್ತದೆ, ಸಿನೆಮಾ ನೇರ ಹೋಗುತ್ತದೆ. ನೂರು ನಿಮಿಷ. ಸಿನೆಮಾ ಸಾಕು, ಪುಸ್ತಕ ಬೇಕೆಂದರೆ ಮಾತ್ರ. ಸಂಗೀತಕ್ಕೆ, ಬೆಳಕಿಗೆ ಸೋಲುವವರು ಇದನ್ನು ಆರಿಸಿ. ರಕ್ತ ನೋಡಲಾಗದವರು ಬಿಟ್ಟುಬಿಡಿ, ಲಿಫ್ಟಿನ ದೃಶ್ಯ ಸಹಿಸುವುದು ಕಷ್ಟ.

‘ಗಾನ್ ಗರ್ಲ್’, 2014. ಗಿಲಿಯನ್ ಫ್ಲಿನ್ ತಮ್ಮ 2012ರ ಕಾದಂಬರಿಗೆ ತಾವೇ ಚಿತ್ರಕತೆ ಬರೆದರು, ಡೇವಿಡ್ ಫಿಂಚರ್ ನಿರ್ದೇಶಿಸಿದರು. ಲೇಖಕಿಯೇ ಬರೆದ ಕಾರಣ ಪುಸ್ತಕಕ್ಕೂ ಸಿನೆಮಾಕ್ಕೂ ದೊಡ್ಡ ಜಗಳ ಇಲ್ಲ. ನಡುವೆ ಕತೆ ತಲೆಕೆಳಗಾಗುವ ಒಂದು ಹೊಡೆತ ಇದೆ, ಅದು ಒಂದು ಸಲ ಮಾತ್ರ ಸಿಗುತ್ತದೆ. ಪುಸ್ತಕದಲ್ಲೇ ಆ ಹೊಡೆತ ತಿನ್ನಿ. ಗಂಡನ ಮಾತು, ಹೆಂಡತಿಯ ಡೈರಿ ಅಂತ ಪುಟ ತಿರುವುವಾಗ ಅದು ಜೋರಾಗಿ ಬೀಳುತ್ತದೆ. ಹೊಸದಾಗಿ ಮದುವೆ ಆದವರು ಸ್ವಲ್ಪ ಸಮಯ ಬಿಟ್ಟು ನೋಡಿ.

‘ದಿ ಲಾಂಗ್ ಗುಡ್‌ಬೈ’, 1973. ರೇಮಂಡ್ ಚಾಂಡ್ಲರ್ 1953ರಲ್ಲಿ ಬರೆದದ್ದನ್ನು ರಾಬರ್ಟ್ ಆಲ್ಟ್‌ಮನ್ 70ರ ದಶಕಕ್ಕೆ ಎಳೆದು ತಂದರು. ಇದು ಎಲ್ಲರಿಗೂ ಅಲ್ಲ. ಮೊದಲ ಹತ್ತು ನಿಮಿಷ ಪತ್ತೇದಾರ ಮಾರ್ಲೊ ತನ್ನ ಹಸಿದ ಬೆಕ್ಕಿಗೆ ಊಟ ಹುಡುಕುತ್ತಾನೆ. ಬೆಕ್ಕಿಗೆ ಒಂದೇ ಬ್ರ್ಯಾಂಡ್ ಬೇಕು. ಅದು ಸಿಗದಾಗ ಬೇರೆಯದನ್ನು ಹಳೆಯ ಡಬ್ಬಕ್ಕೆ ತುಂಬಿ ಮೋಸ ಮಾಡಲು ನೋಡುತ್ತಾನೆ. ಬೆಕ್ಕು ಮೂಸಿ ಹೊರಟುಹೋಗುತ್ತದೆ. ಈ ಬೆಕ್ಕು ಕಾದಂಬರಿಯಲ್ಲಿ ಇಲ್ಲ. ಆದರೆ ಈ ಮಾರ್ಲೊ ಎಂಥವನು, ನಿಷ್ಠೆ ಅಂದರೆ ಅವನಿಗೆ ಏನು ಅನ್ನುವುದು ಬೆಕ್ಕಿನಿಂದಲೇ ಶುರುವಾಗುತ್ತದೆ. ಚಿತ್ರಕತೆ ಬರೆದ ಲೀ ಬ್ರ್ಯಾಕೆಟ್ 1946ರಲ್ಲೂ ಚಾಂಡ್ಲರ್ ಕಾದಂಬರಿಯೊಂದಕ್ಕೆ ಚಿತ್ರಕತೆ ಬರೆದವರಲ್ಲಿ ಒಬ್ಬರು. ಕೊನೆಯನ್ನು ಪೂರ್ತಿ ಬದಲಿಸಿದ್ದಾರೆ. ಚಾಂಡ್ಲರ್ ಅಭಿಮಾನಿಗಳಿಗೆ ಇದು ಇವತ್ತಿಗೂ ಸಿಟ್ಟು. ಈ ಸಿನೆಮಾ ಪುಸ್ತಕದ ಜೊತೆ ಜಗಳಕ್ಕೆ ನಿಂತದ್ದು. ಜಗಳ ಅರ್ಥ ಆಗಬೇಕೆಂದರೆ ಪುಸ್ತಕ ಮೊದಲು ಓದಲೇಬೇಕು. ಅಷ್ಟು ಸಮಯ ಇಲ್ಲದಿದ್ದರೆ ಸದ್ಯಕ್ಕೆ ಇದನ್ನು ಬದಿಗಿಡಿ.

ನಮ್ಮ ಭಾಷೆಯಲ್ಲಿ?

ಈ ಪ್ರಶ್ನೆಗೆ ಉತ್ತರ ಹೇಳುವಾಗ ನನಗೆ ಬೇಸರ ಆಗುತ್ತದೆ. ಕರಾವಳಿಯ ಎರಡೂ ದೊಡ್ಡ ಸಿನೆಮಾಗಳು ನೇರ ತೆರೆಗೆ ಬರೆದವು, ಕಾದಂಬರಿಯಿಂದ ಬಂದವಲ್ಲ. ಕಾದಂಬರಿಯಿಂದ ಕ್ರೈಂ ಸಿನೆಮಾ ಅಂದರೆ ಹಿಂದಕ್ಕೆ ಹೋಗಬೇಕು. 1981ರ ‘ಅಂತ’, ಎಚ್.ಕೆ. ಅನಂತರಾವ್ ಅವರ ಕಾದಂಬರಿ ಆಧಾರ, ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಅಂಬರೀಷ್. ಅಪ್ಪನ ತಲೆಮಾರಿನವರ ಜೊತೆ ಕೂತು ನೋಡಿ, ಅವರಿಗೆ ಸಂಭಾಷಣೆಯೇ ನೆನಪಿರುತ್ತದೆ. ಅದರ ಗತ್ತು ಬೇರೆ, ನಿಯೋ ನುವಾರ್‌ನ ತಣ್ಣಗಿನ ಅನುಮಾನ ಅದರಲ್ಲಿ ಇಲ್ಲ.

ಕಾದಂಬರಿ ಮಾತ್ರ ನಮ್ಮಲ್ಲಿ ಸಿದ್ಧವಾಗಿ ಕೂತಿದೆ. ತೇಜಸ್ವಿಯವರ ‘ಜುಗಾರಿ ಕ್ರಾಸ್’. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ, ಘಟ್ಟದ ಕಾಡು, ಆ ಕಾಡಿನ ಕತ್ತಲ ವ್ಯಾಪಾರ, ಎಲ್ಲ ಒಂದು ದಿನದ ಅವಧಿಯಲ್ಲಿ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಬಸ್ಸಿನಲ್ಲಿ ಹೋದವರಿಗೆ ಆ ಕತ್ತಲೆ ಗೊತ್ತು. ತೆರೆಗೆ ತರುವ ಸುದ್ದಿ ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಯಾರು ಮಾಡಿದರೂ ಅವರು ಏನನ್ನು ಬಿಡುತ್ತಾರೆ ಅಂತ ನೋಡಲು ನಾನು ಕಾಯುತ್ತಿದ್ದೇನೆ. ಕಾಡಿನ ಬಗ್ಗೆ ತೇಜಸ್ವಿ ಹೇಳುವ ಮಾತುಗಳನ್ನು ಕತ್ತರಿಸಿ ಬರೀ ಬೆನ್ನಟ್ಟುವ ಕತೆ ಮಾಡಿದರೆ ಓಡುವ ಸಿನೆಮಾ ಆಗಬಹುದು. ಆದರೆ ಆ ಕಾಡು ಹೋದರೆ ಉಳಿಯುವುದು ಎಲ್ಲ ಭಾಷೆಯಲ್ಲೂ ಇರುವ ಕತೆ. ಈ ಮಳೆಗಾಲದಲ್ಲಿ ಪುಸ್ತಕ ಓದಿಕೊಳ್ಳಿ. ಸಿನೆಮಾ ಬಂದ ದಿನ ನಿಮಗೇ ತೂಗಿ ನೋಡಲು ಬರುತ್ತದೆ.

ಪಕ್ಕದ ಭಾಷೆಗೆ ಹೋಗಲು ಅಡ್ಡಿ ಇಲ್ಲ ಅಂದರೆ ತಮಿಳಿನ ‘ವಿಸಾರಣೈ’ ಇದೆ. 2015, ವೆಟ್ರಿಮಾರನ್. ಕೊಯಮತ್ತೂರಿನಲ್ಲಿ ಆಟೋ ಓಡಿಸುತ್ತಿದ್ದ ಎಂ. ಚಂದ್ರಕುಮಾರ್ ತಾನು ಅನುಭವಿಸಿದ್ದನ್ನೇ ‘ಲಾಕಪ್’ ಅನ್ನುವ ಕಾದಂಬರಿ ಮಾಡಿದರು. ಕೂಲಿಗೆ ಗುಂಟೂರಿಗೆ ಹೋದ ಹುಡುಗರನ್ನು ಮಾಡದ ಕಳ್ಳತನಕ್ಕೆ ಹಿಡಿದು ಹೊಡೆಯುತ್ತಾರೆ. ಸಿನೆಮಾ ಅಲ್ಲಿಗೆ ನಿಲ್ಲುವುದಿಲ್ಲ. ಎರಡನೇ ಅರ್ಧದಲ್ಲಿ ತಮಿಳುನಾಡಿನ ಒಂದು ಠಾಣೆಗೆ ಬರುತ್ತದೆ. ಬಿಡುಗಡೆಯಾದ ಹುಡುಗರು ತಮ್ಮನ್ನು ಬಿಡಿಸಿದವರ ಋಣ ತೀರಿಸಲು ಠಾಣೆಯನ್ನು ಗುಡಿಸಿ ತೊಳೆಯುತ್ತಾರೆ. ತೊಳೆಯುತ್ತಿರುವಾಗ ಕೇಳಬಾರದ್ದು ಕಿವಿಗೆ ಬೀಳುತ್ತದೆ. ಪೊರಕೆ ಹಿಡಿದವರನ್ನು ಯಾರೂ ಗಮನಿಸುವುದಿಲ್ಲ, ಅದೇ ಅವರಿಗೆ ಅಪಾಯ. ನಮ್ಮ ಕಿಶೋರ್ ಇದರಲ್ಲಿದ್ದಾರೆ. ‘ಉಳಿದವರು ಕಂಡಂತೆ’ಯಲ್ಲಿ ಮಾತಿಲ್ಲದೆ ಪ್ರೀತಿಸುವ ಮುನ್ನ ಆಗಿದ್ದವರು ಇಲ್ಲಿ ದುಡ್ಡಿನ ಲೆಕ್ಕ ಬಲ್ಲ ಆಡಿಟರ್. ಭಾರತದಿಂದ ಆಸ್ಕರ್‌ಗೆ ಹೋದ ಸಿನೆಮಾ ಇದು.

ನೋಡುವುದಾದರೆ ಡಬ್ ಮಾಡಿದ್ದನ್ನು ಬಿಡಿ. ತಮಿಳು ಮತ್ತು ತೆಲುಗು ಎರಡೂ ಇರುವ ಮೂಲವನ್ನೇ ಸಬ್‌ಟೈಟಲ್ ಜೊತೆ ಹಾಕಿ. ಪೊಲೀಸರ ಭಾಷೆ ಗೊತ್ತಿಲ್ಲದೆ ಏಟು ತಿನ್ನುವ ಹುಡುಗರ ಗಾಬರಿ ಆ ಎರಡು ಭಾಷೆಗಳ ನಡುವೆ ಇದೆ, ಡಬ್ ಮಾಡಿದರೆ ಹೋಗಿಬಿಡುತ್ತದೆ. ಮರುದಿನ ಬೆಳಗ್ಗೆ ಬೇಗ ಏಳಬೇಕಾದ ರಾತ್ರಿ ಬೇಡ. ಜೊತೆಗೆ ಒಬ್ಬರಾದರೂ ಇರಲಿ, ಮುಗಿದ ಮೇಲೆ ಮಾತಾಡಲು ಬೇಕಾಗುತ್ತದೆ.